ಬನ್ನಿಯ ಬೀಜದ ಅಜ್ಞಾತವಾಸ

(ಸಂಘದ ವಿಜಯದಶಮಿ ಸ್ನೇಹಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವಿಜಯದಶಮಿಯ ಈ ಸಂಜೆ ಬನ್ನಿಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಸೂಚಿಸಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಪಾಂಡವರು ಬನ್ನಿಮರದಲ್ಲಿ ಆಯುಧಗಳನ್ನು ಅಡಗಿಸಿಟ್ಟ ಕಥೆಯನ್ನು ನಿಮಗೆ ಮತ್ತೊಮ್ಮೆ ಹೇಳುವ ಅಗತ್ಯವಿಲ್ಲ. ಮೈಸೂರಿನ ಜಂಬೂಸವಾರಿ ಬನ್ನಿಮಂಟಪದವರೆಗೆ ಏಕೆ ಸಾಗುತ್ತದೆ ಎಂಬುದನ್ನೂ ಇಲ್ಲಿ ಕುಳಿತಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅನಂತರದ ಸುಮಾರು ಮೂರು ದಶಕಗಳನ್ನು ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದ ನಾನು ಆ ಮರದ ಬೀಜದ ಬಗೆಗೆ ಮಾತನಾಡಬಯಸುತ್ತೇನೆ. ವರ್ಷಕ್ಕೊಮ್ಮೆ ಬನ್ನಿಯ ಎಲೆಯನ್ನು ಕೈಯಿಂದ ಕೈಗೆ ದಾಟಿಸುವ ನಮ್ಮಲ್ಲಿ ಅದರ ಬೀಜವನ್ನು ಕಂಡವರು ಎಷ್ಟು ಮಂದಿ? ಅದನ್ನು ಮೊಳೆಯಿಸಿದವರು ಎಷ್ಟು ಮಂದಿ? ಈ ಪ್ರಶ್ನೆ ಕ್ಷುಲ್ಲಕವಾದುದಲ್ಲವೆಂದು ನನ್ನ ಭಾವನೆ.

ಮೊದಲು ಹೆಸರಿನ ಮಾತು. ವಿಜಯಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿಗಳ ಕಡೆಯಿಂದ ಬಂದವರಿಗೆ ಊರ ಹೊರಗಿನ ಬನ್ನಿಕಟ್ಟೆ, ಬನ್ನಿ ಮಹಾಕಾಳಿಯ ಪೂಜೆ, ‘ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣು’ ಎಂಬ ಹಾರೈಕೆ ಇವೆಲ್ಲ ಬಾಲ್ಯದ ಸಂಪತ್ತು. ಆದುದರಿಂದ ಬನ್ನಿ ನಮ್ಮೂರಿನ ಮರ ಎಂಬ ಅಭಿಮಾನ ಸಹಜವೇ. ಆದರೆ ನಾವು ಉದ್ಯೋಗವನ್ನರಸಿ ಬಂದು ನೆಲೆಸಿದ ಊರುಗಳಲ್ಲಿಯೂ ಅದೇ ಮರ ನಮಗಿಂತ ಮೊದಲೇ ಬೇರೂರಿ ನಿಂತಿದೆ. ಹೈದರಾಬಾದಿನಲ್ಲಿ ಅದು ಜಮ್ಮಿ. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದಾಗ ಅದನ್ನೇ ತನ್ನ ರಾಜ್ಯವೃಕ್ಷವಾಗಿ ಆರಿಸಿಕೊಂಡಿತು. ತಮಿಳರಿಗೆ ಅದು ವನ್ನಿ. ವಕಾರ ಬಕಾರಗಳ ಹಳೆಯ ನಂಟನ್ನು ಬಲ್ಲ ಕನ್ನಡಿಗನಿಗೆ ಈ ಹೆಸರು ಅಪರಿಚಿತವೆನಿಸದು. ಗುಜರಾತಿನಲ್ಲಿ ಖೀಜಡೋ, ಪಂಜಾಬಿನಲ್ಲಿ ಜಂಡ್, ಹರಿಯಾಣದ ಹಳ್ಳಿಗಳಲ್ಲಿ ಜಾಂಟಿ, ಸಿಂಧಿಗಳಲ್ಲಿ ಕಂಡಿ. ರಾಜಸ್ಥಾನದಲ್ಲಿ ಅದು ಖೇಜಡಿ; 1983ರಿಂದ ಆ ರಾಜ್ಯದ ವೃಕ್ಷ. ಕಡಲಾಚೆಯ ಅರಬ್ ಸಂಯುಕ್ತ ಸಂಸ್ಥಾನಗಳು ಗಾಫ್ ಎಂಬ ಹೆಸರಿನಿಂದ ಇದನ್ನೇ ರಾಷ್ಟ್ರವೃಕ್ಷವೆಂದು ಗೌರವಿಸಿವೆ. ಮಹಾರಾಷ್ಟ್ರದ ನಮ್ಮ ಬಂಧುಗಳು ದಸರೆಯಂದು ಹಂಚುವ ಆಪ್ಟಾ ಎಲೆ ಮಾತ್ರ ಬೇರೊಂದು ಮರದ್ದು. ಆದರೆ ಅದೂ ಇದೇ ಕಾಯಿಕೋಡಿನ ಕುಲಕ್ಕೆ ಸೇರಿದ್ದು. ಶಾಸ್ತ್ರಜ್ಞರು ಬನ್ನಿಗೆ ಇಟ್ಟ ಹೆಸರು ಪ್ರೊಸೋಪಿಸ್ ಸಿನರೇರಿಯಾ; ಎರಡನೆಯ ಪದಕ್ಕೆ ಬೂದಿಯ ಬಣ್ಣದ್ದು ಎಂದರ್ಥ.

ಸಂಸ್ಕೃತದ ‘ಶಮೀ’ ಶಬ್ದವನ್ನು ಸ್ವಲ್ಪ ಗಮನಿಸಬೇಕು. ಅದು ಈ ಮರದ ಹೆಸರೂ ಹೌದು, ಕಾಯಿಕೋಡಿಗೆ ಹೆಸರೂ ಹೌದು. ಚರಕಸಂಹಿತೆಯು ಆಹಾರದ್ರವ್ಯಗಳನ್ನು ವಿಂಗಡಿಸುವಾಗ ಹೆಸರು, ಉದ್ದು, ಹುರುಳಿ, ಕಡಲೆ ಮುಂತಾದ ಬೇಳೆಕಾಳುಗಳಿಗೆಲ್ಲ ಒಟ್ಟಾಗಿ ‘ಶಮೀಧಾನ್ಯ’ ಎಂಬ ವರ್ಗನಾಮವನ್ನು ಕೊಡುತ್ತದೆ. ಅಂದರೆ, ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿರುವ ಅಷ್ಟೂ ಕಾಳುಗಳಿಗೂ ಬಯಲಿನಲ್ಲಿ ತಾನಾಗಿ ಬೆಳೆಯುವ ಬನ್ನಿಗೂ ಇರುವ ರಕ್ತಸಂಬಂಧವನ್ನು ನಮ್ಮ ಪೂರ್ವಿಕರು ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ಗುರುತಿಸಿದ್ದರು. ಬನ್ನಿಯ ಕಾಯಿ ಗೇಣುದ್ದದ, ಸಪೂರಾದ, ಅವರೆಯಂಥದೇ ಕೋಡು. ಒಳಗೆ ಹತ್ತರಿಂದ ಹದಿನೈದು ಬೀಜಗಳು, ಕಂದುಬಣ್ಣದವು, ನುಣುಪಾದವು.

ಇಷ್ಟು ಹತ್ತಿರದ ನೆಂಟಸ್ತಿಕೆಯಿದ್ದರೂ ಸ್ವಭಾವದಲ್ಲಿ ಅಜಗಜಾಂತರ. ರಾತ್ರಿ ನೆನೆಹಾಕಿದ ಹೆಸರುಕಾಳು ಬೆಳಗಿಗೆ ಉಬ್ಬಿರುತ್ತದೆ. ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ ತಲೆ ಹಾಕಿರುತ್ತದೆ. ಮೊಳಕೆಕಾಳಿನ ಉಸಳಿ ಮಾಡುವ ಗೃಹಿಣಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಬನ್ನಿಯ ಬೀಜವನ್ನು ಹಾಗೆಯೇ ನೆನೆಹಾಕಿ ನೋಡಿ. ಕೆಲವು ಉಬ್ಬುತ್ತವೆ, ಉಳಿದವು ವಾರ ಕಳೆದರೂ ಹಾಕಿದಂತೆಯೇ, ಸಣ್ಣ ಹರಳುಗಳಂತೆ ತಳದಲ್ಲಿ ಕುಳಿತಿರುತ್ತವೆ. ಅವು ಸತ್ತಿವೆಯೆಂದು ಚೆಲ್ಲುವವರೇ ಹೆಚ್ಚು. ಅವು ಸತ್ತಿಲ್ಲ. ನೀರು ಅವುಗಳ ಒಳಹೊಕ್ಕಿಲ್ಲ, ಅಷ್ಟೆ.

ಮೊಳಕೆಯ ಈ ಸುಲಭಸಾಧ್ಯತೆ ಪ್ರಕೃತಿ ನಮಗೆ ಕೊಟ್ಟುದಲ್ಲ, ರೈತನು ಸಂಪಾದಿಸಿದ್ದು. ಹುರುಳಿ ಇದಕ್ಕೆ ಉತ್ತಮ ನಿದರ್ಶನ. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿಕಾಳುಗಳು ದೊರೆತಿವೆಯೆಂಬುದು ಪುರಾತತ್ತ್ವದ ಆಸಕ್ತರಿಗೆ ತಿಳಿದ ವಿಷಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಚಾರ್ಲಿನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಇಂಥ ಪ್ರಾಚೀನ ಕಾಳುಗಳನ್ನು ಒಡೆಯದೆ, ಪ್ರಬಲವಾದ ಕ್ಷಕಿರಣಗಳಿಂದ ಪರೀಕ್ಷಿಸಿ, ಅವುಗಳ ಸಿಪ್ಪೆಯ ದಪ್ಪವನ್ನು ಅಳೆದರು. 2017ರಲ್ಲಿ ಪ್ರಕಟವಾದ ಅವರ ನಿರ್ಣಯ ಹೀಗಿದೆ: ಕ್ರಿ.ಪೂ. 2000 ಮತ್ತು 1200ರ ನಡುವೆ ಹುರುಳಿಯ ಸಿಪ್ಪೆ ಹಂತಹಂತವಾಗಿ ತೆಳುವಾಯಿತು. ಎಂಟುನೂರು ವರ್ಷಗಳ ಕಾಲ, ತಲೆಮಾರಿನ ಮೇಲೆ ತಲೆಮಾರಿನ ಬೇಸಾಯಗಾರರು ಬಿತ್ತಿದೊಡನೆ ಮೊಳೆತ ಗಿಡದ ಕಾಳನ್ನೇ ಕೊಯ್ದು, ಅದನ್ನೇ ಮತ್ತೆ ಬಿತ್ತುತ್ತ ಬಂದರು. ಮೊಳೆಯದೆ ನೆಲದಲ್ಲೇ ಉಳಿದುಹೋದ ದಪ್ಪಸಿಪ್ಪೆಯ ಕಾಳು ಕೊಯ್ಲಿಗೆ ಒದಗಲಿಲ್ಲ; ಆದುದರಿಂದ ಅದರ ವಂಶವೂ ಹೊಲದಲ್ಲಿ ಮುಂದುವರಿಯಲಿಲ್ಲ. ಬನ್ನಿಗೆ ಇಂಥ ಸಾಕಣೆ ಆಗಲೇ ಇಲ್ಲ. ಪೂಜೆ ಪಡೆದರೂ ಅದು ಇಂದಿಗೂ ಕಾಡು ದ್ವಿದಳವೇ. ತನ್ನ ಕವಚವನ್ನು ಕಳೆದುಕೊಂಡಿಲ್ಲ.

ಆ ಕವಚದ ರಚನೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬೀಜದ ಹೊರಪದರದಲ್ಲಿ ಉದ್ದನೆಯ ಗಟ್ಟಿ ಕೋಶಗಳು ಕೋಟೆಯ ಗೂಟಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ಗೋಡೆಗಳಲ್ಲಿ ನೀರನ್ನು ತಡೆಯುವ ಮೇಣದಂಥ ದ್ರವ್ಯಗಳು ಸೇರಿಕೊಂಡಿರುತ್ತವೆ. ಬೀಜವು ಕೋಡಿಗೆ ಅಂಟಿಕೊಂಡಿದ್ದ ಜಾಗದ ಬಳಿ ಈ ಕೋಟೆಗೆ ಒಂದು ಮೃದುವಾದ ತಾಣವುಂಟು. ನೀರು ಒಳಬರುವುದಿದ್ದರೆ ಸಾಮಾನ್ಯವಾಗಿ ಅಲ್ಲಿಂದಲೇ. ಆ ತಾಣ ಸಡಿಲಗೊಳ್ಳುವವರೆಗೆ ಒಳಗಿನ ಅಂಕುರ ಒಣಗಿದ ಸ್ಥಿತಿಯಲ್ಲಿ, ಉಸಿರಾಟವನ್ನು ಅತ್ಯಲ್ಪಗೊಳಿಸಿಕೊಂಡು ವರ್ಷಗಟ್ಟಲೆ ಕಾದಿರಬಲ್ಲದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು.

ಏಕೆ ಈ ಬಿಗಿ? ಉತ್ತರಕ್ಕಾಗಿ ಥಾರ್ ಮರುಭೂಮಿಯ ಮಳೆಯನ್ನು ನೋಡಬೇಕು. ಅಲ್ಲಿ ಜೇಷ್ಠದಲ್ಲೊಂದು ಹುಸಿಮಳೆ ಬೀಳುತ್ತದೆ. ನೆಲದ ಮೇಲ್ಪದರ ಒದ್ದೆಯಾಗುತ್ತದೆ. ಮೂರೇ ದಿನಗಳ ಬಿಸಿಲಿಗೆ ಎಲ್ಲವೂ ಮತ್ತೆ ಕಾವಲಿಯಂತಾಗುತ್ತದೆ. ಆ ಮಳೆಯನ್ನು ನಂಬಿ ಮೊಳೆತ ಬೀಜ ಬದುಕದು. ಒಂದು ಮರದ ಬೀಜಗಳೆಲ್ಲ ಒಟ್ಟಿಗೆ ನಂಬಿದರೆ ಆ ವರ್ಷದ ಸಂತಾನವೇ ನಿರ್ನಾಮ. ಬನ್ನಿ ಹಾಗೆ ಮಾಡುವುದಿಲ್ಲ. ಒಂದೇ ಕೋಡಿನಲ್ಲಿರುವ ಬೀಜಗಳಲ್ಲಿಯೂ ಕವಚದ ಬಿಗುವು ಒಂದೇ ಸಮನಾಗಿರುವುದಿಲ್ಲ. ಕೆಲವು ಮೊದಲ ಒಳ್ಳೆಯ ಮಳೆಗೇ ಮೊಳೆಯುತ್ತವೆ, ಕೆಲವು ಮರುವರ್ಷಕ್ಕೆ, ಮತ್ತೆ ಕೆಲವು ಇನ್ನೂ ತಡವಾಗಿ. ಬರಗಾಲದ ಸೀಮೆಯ ಒಕ್ಕಲಿಗನು ಮನೆಯಲ್ಲಿದ್ದ ಬಿತ್ತನೆಯ ಬೀಜವನ್ನೆಲ್ಲ ಒಂದೇ ಹದಕ್ಕೆ ಚೆಲ್ಲಿಬಿಡುವುದಿಲ್ಲವಲ್ಲ, ಹಾಗೆಯೇ ಇದು.

ಇಲ್ಲಿ ವಿರಾಟಪರ್ವ ನೆನಪಾಗುವುದು ಅನಿವಾರ್ಯ. ಪಾಂಡವರ ಅಜ್ಞಾತವಾಸದ ನಿಯಮ ಕಠಿಣವಾದದ್ದು: ಅವಧಿಗೆ ಮುನ್ನ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ವನವಾಸ. ಆಯುಧಗಳು ಬನ್ನಿಯ ಮೇಲೆಯೇ ಇದ್ದವು, ತೋಳುಗಳಲ್ಲಿ ಬಲವೂ ಇತ್ತು; ಕಾಲ ಮಾತ್ರ ಕೂಡಿಬಂದಿರಲಿಲ್ಲ. ಉತ್ತರನು ಮರವೇರಿ ಗಾಂಡೀವವನ್ನು ಇಳಿಸುವ ವೇಳೆಗೆ ಅವಧಿ ತುಂಬಿತ್ತೇ ಇಲ್ಲವೇ ಎಂದು ಕೌರವಸೇನೆಯಲ್ಲಿ ಚರ್ಚೆಯೆದ್ದಾಗ ಭೀಷ್ಮರು ಮಾಸಗಳ ಲೆಕ್ಕ ಹಾಕಿ ತುಂಬಿದೆಯೆಂದು ತೀರ್ಪು ಕೊಡುತ್ತಾರೆ. ಬೀಜವೂ ಅಂಥದೊಂದು ಲೆಕ್ಕವನ್ನು ಇಟ್ಟುಕೊಂಡಿದೆ. ಮಾಸಗಳದಲ್ಲ, ತೇವದ್ದು ಮತ್ತು ಬಿಸಿಯದು. ಮಳೆ ಬಾರದ ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನೇ ಓದಿಸುವ ಪದ್ಧತಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬರ, ಬನ್ನಿ, ವಿರಾಟಪರ್ವ ಈ ಮೂರನ್ನು ಜನಮನಸ್ಸು ಒಂದೆಡೆ ಪೋಣಿಸಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಕವಚವನ್ನು ತೆರೆಯುವವರು ಯಾರು? ಬಯಲಿನಲ್ಲಿ ಈ ಕೆಲಸ ಕುರಿ, ಮೇಕೆ, ಒಂಟೆಗಳದು. ಹಣ್ಣಾದ ಬನ್ನಿಕಾಯಿಯ ತಿರುಳು ಸಿಹಿ. ಮಾರವಾಡಿನವರು ಅದನ್ನು ಖೋಖಾ ಎನ್ನುತ್ತಾರೆ, ಮಕ್ಕಳೂ ತಿನ್ನುತ್ತಾರೆ. ಉದುರಿದ ಕಾಯಿಗಳನ್ನು ಮೇಯ್ದ ಪ್ರಾಣಿಯ ಹಲ್ಲಿಗೆ ಕೆಲವು ಬೀಜ ಸಿಕ್ಕಿ ನುಚ್ಚಾಗುತ್ತವೆ. ಉಳಿದವು ಜಠರದ ಆಮ್ಲದಲ್ಲಿ ಮಿಂದು, ಸಿಪ್ಪೆ ಸವೆದು, ಹಿಕ್ಕೆಯ ಗೊಬ್ಬರದೊಡನೆ ದೂರದ ಹೊಲದಲ್ಲಿ ಬೀಳುತ್ತವೆ. ಮರಕ್ಕೆ ಇದರಿಂದ ಇನ್ನೂ ಒಂದು ಲಾಭವುಂಟು. ತಾಯಿಮರದ ಕೆಳಗೇ ಬಿದ್ದಿರುವ ಕಾಯಿಗಳಿಗೆ ಕುಟ್ಟೆಹುಳು ಹಿಡಿದು ಬೀಜವನ್ನು ಟೊಳ್ಳುಮಾಡುತ್ತದೆ. ಬೇಗನೆ ಮೇಯ್ದು ಒಯ್ದ ಬೀಜ ಆ ಹುಳುವಿನಿಂದ ಪಾರಾಗುತ್ತದೆ. ಪ್ರಾಣಿಗಳಿಲ್ಲದ ಕಡೆ ಹಗಲಿನ ಕಾವು, ರಾತ್ರಿಯ ತಂಪು, ಮರಳಿನ ಉಜ್ಜಾಟ ಇವು ನಿಧಾನವಾಗಿ ಅದೇ ಕೆಲಸವನ್ನು ಮಾಡುತ್ತವೆ. ಪ್ರಯೋಗಾಲಯದವರು ತೀಕ್ಷ್ಣವಾದ ಗಂಧಕಾಮ್ಲದಲ್ಲಿ ಹತ್ತು ನಿಮಿಷಗಳಷ್ಟು ಮುಳುಗಿಸಿ, ಚೆನ್ನಾಗಿ ತೊಳೆದು ಬಿತ್ತುತ್ತಾರೆ. ಮೇಕೆಯ ಹೊಟ್ಟೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸುವ ಕ್ರಮವಿದು.

ಮೊಳೆತ ಮೇಲೆ ಬನ್ನಿ ಮಾಡುವ ಮೊದಲ ಕೆಲಸ ಕೆಳಕ್ಕಿಳಿಯುವುದು. ಮೇಲೆ ಎರಡು ಬೀಜದಳಗಳು, ನಾಲ್ಕಾರು ಎಲೆಗಳು ಕಾಣುತ್ತಿರುವಾಗಲೇ ತಾಯಿಬೇರು ಚಿಗುರಿಗಿಂತ ಎಷ್ಟೋ ಪಾಲು ಉದ್ದ ಬೆಳೆದಿರುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಗಿಡವನ್ನು ನೋಡಿದವರಿಗೆ ಅದು ಬೆಳೆಯುತ್ತಲೇ ಇಲ್ಲವೆಂದು ತೋರಬಹುದು. ಬೇರು ಆಳದ ತೇವವನ್ನು ಮುಟ್ಟಿದ ಮೇಲೆ ಮಾತ್ರ ಮೇಲ್ಭಾಗಕ್ಕೆ ಧೈರ್ಯ ಬರುತ್ತದೆ. ದೊಡ್ಡ ಮರದ ಬೇರು ಇಪ್ಪತ್ತು ಮೀಟರಿಗೂ ಆಳಕ್ಕೆ ಹೋಗುತ್ತದೆ. ಬೆಳೆಯ ಬೇರುಗಳೊಡನೆ ಮೇಲ್ಪದರದ ನೀರಿಗಾಗಿ ಅದು ಹೋರಾಡದಿರಲು ಇದೇ ಕಾರಣ. ಮಾರವಾಡಿನ ರೈತರು ಸಜ್ಜೆ, ಹೆಸರು, ಮಡಿಕೆಗಳನ್ನು ಖೇಜಡಿ ಇರುವ ಹೊಲದಲ್ಲಿಯೇ ಬಿತ್ತುತ್ತಾರೆ. ಮರದ ಕೆಳಗಿನ ಬೆಳೆ ಬಯಲಿನದಕ್ಕಿಂತ ಚೆನ್ನಾಗಿರುತ್ತದೆ ಎಂಬ ಅವರ ಅನುಭವವನ್ನು ಜೋಧಪುರದಲ್ಲಿ 1959ರಲ್ಲಿ ಪೂರ್ಣ ರೂಪ ಪಡೆದ ಕೇಂದ್ರೀಯ ಶುಷ್ಕ ವಲಯ ಸಂಶೋಧನ ಸಂಸ್ಥೆಯ ಅಧ್ಯಯನಗಳೂ ಸಮರ್ಥಿಸಿವೆ. ಉದುರಿದ ಎಲೆಯ ಸಾರ, ಬೇರಿನಲ್ಲಿ ವಾಸಿಸುವ ಜೀವಾಣುಗಳು ಕೂಡಿಸುವ ಸಾರಜನಕ, ಹಗುರಾದ ನೆರಳು ಇವು ಅದಕ್ಕೆ ಕಾರಣಗಳು.

ಆ ಮರ ಮರುಭೂಮಿಯ ಜನಕ್ಕೆ ಏನಾಗಿತ್ತೆಂಬುದನ್ನು ಎರಡೇ ಸಂಗತಿಗಳಿಂದ ಹೇಳಬಹುದು. 1868–69ರ ರಜಪುತಾನದ ಕ್ಷಾಮದಲ್ಲಿ ಜನ ಖೇಜಡಿಯ ತೊಗಟೆಯನ್ನು ಬೀಸಿ ಹಿಟ್ಟುಮಾಡಿ, ರೊಟ್ಟಿ ತಟ್ಟಿ ತಿಂದು ಬದುಕಿಕೊಂಡರು. ಅದಕ್ಕೂ ಮೊದಲು, 1730ರಲ್ಲಿ, ಜೋಧಪುರದ ಮಹಾರಾಜ ಅಭಯಸಿಂಹನ ಅರಮನೆಯ ನಿರ್ಮಾಣಕ್ಕೆ ಬೇಕಾದ ಸುಣ್ಣ ಸುಡಲು ಸೌದೆಗಾಗಿ ಆಳುಗಳು ಖೇಜಡಲಿ ಗ್ರಾಮಕ್ಕೆ ಬಂದಾಗ ಬಿಷ್ಣೋಯಿ ಸಮುದಾಯದ ಅಮೃತಾದೇವಿ ಮರವನ್ನಪ್ಪಿ ನಿಂತು ಪ್ರಾಣಬಿಟ್ಟಳು. ಆಕೆಯ ಹಿಂದೆ ಒಟ್ಟು 363 ಜನ ಮಡಿದರು. ಸೆಪ್ಟೆಂಬರ್ 11ನ್ನು ಇಂದು ದೇಶವು ಅರಣ್ಯ ಹುತಾತ್ಮರ ದಿನವನ್ನಾಗಿ ಆಚರಿಸುವುದು ಅವರ ಸ್ಮರಣೆಗಾಗಿಯೇ. ಅವರು ಕಾಪಾಡಿದ ಮರಗಳನ್ನು ಯಾರೂ ನೆಟ್ಟಿರಲಿಲ್ಲ. ಮೇಕೆ ಬಿತ್ತಿದ್ದು, ಮಳೆ ಮೊಳೆಯಿಸಿದ್ದು, ಮರದ ನೇಗಿಲು ಹೂಡಿದ ರೈತ ಬಳಸಿ ಹೋಗಿ ಉಳಿಸಿದ್ದು.

ಈಗ ಇನ್ನೊಂದು ಮರದ ಮಾತಿಗೆ ಬರಬೇಕು. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ, ದಿಲ್ಲಿಯವರು ವಿಲಾಯತಿ ಕೀಕರ್ ಎನ್ನುವ ಅಮೆರಿಕದ ಮುಳ್ಳುಮರ 1877ರ ಸುಮಾರಿಗೆ ಜಮೈಕಾದಿಂದ ಬೀಜರೂಪದಲ್ಲಿ ಕಡಪದ ಸೀಮೆಗೆ ಬಂತು. 1940ರಲ್ಲಿ ಜೋಧಪುರ ಸಂಸ್ಥಾನವು ಅದಕ್ಕೆ ರಾಜಮರ್ಯಾದೆಯ ಸಸ್ಯವೆಂಬ ರಕ್ಷಣೆಯನ್ನೇ ಕೊಟ್ಟಿತು. ಸ್ವಾತಂತ್ರ್ಯಾನಂತರವೂ ಒಣನಾಡುಗಳನ್ನು ಹಸುರಾಗಿಸುವ ಯೋಜನೆಗಳಲ್ಲಿ ಅದಕ್ಕೇ ಅಗ್ರಪೀಠ. ಕಾರಣಗಳು ಸ್ಪಷ್ಟವಾಗಿದ್ದವು. ಅದು ಶೀಘ್ರವಾಗಿ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ಅದರ ಎಲೆಯನ್ನು ಮೇಕೆ ಮುಟ್ಟುವುದಿಲ್ಲ. ಬಡವರ ಒಲೆಗೆ ಅದು ಸೌದೆ ಒದಗಿಸಿತೆಂಬುದನ್ನೂ ಮರೆಯಬಾರದು. ಆದರೆ ಹುಲ್ಲುಗಾವಲು, ಕೆರೆಯಂಗಳ, ಬೀಳುಹೊಲಗಳನ್ನು ಅದು ಆಕ್ರಮಿಸಿದ ಬಗೆಯನ್ನು ರಾಯಚೂರು, ಬಳ್ಳಾರಿಗಳ ಯಾವ ರೈತನಾದರೂ ವರ್ಣಿಸಬಲ್ಲ. ಎರಡು ಮರಗಳನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲನಾಮದಡಿ ಇಟ್ಟಿದ್ದರು. 2022ರಲ್ಲಿ ಸಸ್ಯವಿಜ್ಞಾನಿಗಳು ವಿದೇಶಿ ಮರವನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು.

ಸರ್ಕಾರಿ ನೌಕರನಾಗಿ ನನಗೆ ಇದರಲ್ಲಿ ಕಾಣುವುದು ಲೆಕ್ಕದ ಪ್ರಶ್ನೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಎಷ್ಟು ಸಸಿ ನೆಟ್ಟಿರಿ, ಎಷ್ಟು ಬದುಕಿವೆ, ಎಷ್ಟು ಎತ್ತರ ಬೆಳೆದಿವೆ ಎಂಬ ಕೋಷ್ಟಕಗಳನ್ನು ತುಂಬಬೇಕು. ಬೇರು ಎಷ್ಟು ಆಳಕ್ಕಿಳಿದಿದೆ ಎಂಬ ಅಂಕಣ ಯಾವ ನಮೂನೆಯಲ್ಲಿಯೂ ಇರುವುದಿಲ್ಲ. ಅಂಥ ಕೋಷ್ಟಕದಲ್ಲಿ ಮೂರು ವರ್ಷಕ್ಕೆ ಆಳೆತ್ತರ ಬೆಳೆದ ಜಾಲಿ ತೇರ್ಗಡೆಯಾಗುತ್ತದೆ. ಮೊಣಕಾಲೆತ್ತರದ ಬನ್ನಿ ಅನುತ್ತೀರ್ಣ. ಒಬ್ಬ ಅಧಿಕಾರಿಯ ದುರುದ್ದೇಶವಾಗಲಿ ಆಲಸ್ಯವಾಗಲಿ ಇದಕ್ಕೆ ಕಾರಣವಲ್ಲ. ಅಳತೆಗೋಲು ಎಂಥದೋ ಆಯ್ಕೆಯೂ ಅಂಥದೇ. ತಡವಾಗಿ ಫಲಕೊಡುವುದನ್ನು ಅಳೆಯುವ ತಾಳ್ಮೆಯನ್ನು ನಮ್ಮ ಆಡಳಿತ ಇನ್ನೂ ಕಲಿಯಬೇಕಾಗಿದೆ.

ಆದರೆ ಹೊಣೆಯನ್ನೆಲ್ಲ ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ರಾಜಸ್ಥಾನದ ಹಲವು ಜಿಲ್ಲೆಗಳಲ್ಲಿ ಹಳೆಯ ಖೇಜಡಿಗಳು ಒಣಗುತ್ತಿವೆ. ಅಂತರ್ಜಲ ಕುಸಿದಿದೆ, ಮೇವಿಗಾಗಿ ವರ್ಷವೂ ಕೊಂಬೆಗಳನ್ನು ಬೋಳು ಮಾಡಿ ಮರಗಳು ಬಲಗುಂದಿವೆ, ಬೇರು ಕೊರೆಯುವ ಹುಳು ಮತ್ತು ಬೇರಿಗೆ ತಗುಲುವ ಶಿಲೀಂಧ್ರ ಉಳಿದುದನ್ನು ಮುಗಿಸುತ್ತಿವೆ. ಬಿಕಾನೇರದ ಸೀಮೆಯಲ್ಲಿ ಸೌರವಿದ್ಯುತ್ ಸ್ಥಾವರಗಳಿಗಾಗಿ ಖೇಜಡಿಗಳನ್ನು ಕಡಿಯುವುದನ್ನು ವಿರೋಧಿಸಿ 2024 ಮತ್ತು 2025ರಲ್ಲಿ ಬಿಷ್ಣೋಯಿಗಳೂ ಇತರ ಗ್ರಾಮಸ್ಥರೂ ಧರಣಿ ಕುಳಿತರು. ಇವುಗಳಿಗಿಂತ ಸದ್ದಿಲ್ಲದ ಇನ್ನೊಂದು ನಷ್ಟವಿದೆ. ಎತ್ತು ಅಥವಾ ಒಂಟೆಯ ನೇಗಿಲಿನ ಕಾಲದಲ್ಲಿ ರೈತನು ಸಾಲಿನಲ್ಲಿ ಬನ್ನಿಯ ಸಸಿ ಕಂಡರೆ ನೇಗಿಲನ್ನು ಎತ್ತಿ ಬಳಸಿ ಸಾಗುತ್ತಿದ್ದ. ಟ್ರ್ಯಾಕ್ಟರಿನ ತಟ್ಟೆನೇಗಿಲಿಗೆ ಸಸಿ ಕಾಣುವುದಿಲ್ಲ. ಹೀಗಾಗಿ ಹೊಲಗಳಲ್ಲಿ ಹಿರಿಯ ಮರಗಳಷ್ಟೇ ಉಳಿದಿವೆ. ಮೊಮ್ಮಕ್ಕಳೆಲ್ಲ ಪರಊರು ಸೇರಿ ಅಜ್ಜ ಅಜ್ಜಿಯರಷ್ಟೇ ಉಳಿದ ನಮ್ಮ ಹಳ್ಳಿಮನೆಗಳ ಚಿತ್ರವೇ ಅದು. ಉತ್ತರ ಕರ್ನಾಟಕದ ಕಪ್ಪುನೆಲದ ಹೊಲಗಳಲ್ಲಿಯೂ ಟ್ರ್ಯಾಕ್ಟರು ಬಂದಲ್ಲೆಲ್ಲ ಸಸಿಗಳ ಗತಿ ಇದೇ. ಜೊತೆಗೆ ದಸರೆಯ ದಿನ ನಾವು ಇದ್ದ ಮರಗಳ ಕೊಂಬೆಯನ್ನೇ ಮುರಿದು ತರುತ್ತೇವೆ. ನಗರಗಳ ಮಾರುಕಟ್ಟೆಗಳಲ್ಲಿ ಕಟ್ಟುಕಟ್ಟಾಗಿ ಮಾರಾಟಕ್ಕೆ ಬರುವ ಬನ್ನಿ, ಆಪ್ಟಾಗಳು ಯಾವ ಬಯಲಿನಿಂದ ಬಂದವೆಂದು ಕೇಳುವವರಿಲ್ಲ. ಎಲೆಯನ್ನು ಬಂಗಾರವೆನ್ನುವ ಜನ ಬೀಜವನ್ನು ಕಸದ ಪಾಲು ಮಾಡಿದ್ದೇವೆ.

ಮಾಡಬಹುದಾದುದೇನು? ಸಂಗತಿ ಕಷ್ಟದ್ದೇನಲ್ಲವಾದ ಕಾರಣ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಉತ್ತರ ಭಾರತದಲ್ಲಿ ಬೇಸಿಗೆಯ ಕೊನೆಗೆ, ಮಳೆಗೆ ಮುಂಚೆ ಕಾಯಿ ಹಣ್ಣಾಗುತ್ತದೆ. ನೆಲಕ್ಕೆ ಬಿದ್ದು ಹಳತಾದವನ್ನು ಬಿಟ್ಟು ಮರದಿಂದಲೇ, ಒಂದಕ್ಕಿಂತ ಹೆಚ್ಚು ಮರಗಳಿಂದ, ಕಾಯಿಗಳನ್ನು ಸಂಗ್ರಹಿಸಬೇಕು. ಬಿಸಿಲಲ್ಲಿ ಒಣಗಿಸಿ, ಬಡಿದು, ಬೀಜ ಬಿಡಿಸಿ, ತೂತುಬಿದ್ದವನ್ನು ಆರಿಸಿ ತೆಗೆಯಬೇಕು. ಒಳ್ಳೆಯ ಬೀಜ ಕಿಲೋವೊಂದಕ್ಕೆ ಸುಮಾರು 25,000ದಷ್ಟಿರುತ್ತವೆ. ಆದುದರಿಂದ ಒಂದು ಹಿಡಿ ಬೀಜವೇ ನಮ್ಮಂಥ ಸಂಘಕ್ಕೆ ಧಾರಾಳ. ಅವನ್ನು ಇಪ್ಪತ್ತನಾಲ್ಕು ಗಂಟೆ ನೀರಿನಲ್ಲಿ ನೆನೆಹಾಕಿ. ಉಬ್ಬಿದವನ್ನು ಬಿತ್ತಿ. ಉಬ್ಬದವನ್ನು ಎಸೆಯಬೇಡಿ, ಬೀಜವು ಕೋಡಿಗೆ ಅಂಟಿಕೊಂಡಿದ್ದ ತುದಿಯನ್ನು ಬಿಟ್ಟು ಎದುರು ಬದಿಯಲ್ಲಿ ಉಗುರುಕತ್ತರಿಯಿಂದ ಸಿಪ್ಪೆಯನ್ನಷ್ಟೇ ಚಿವುಟಿ, ಇಲ್ಲವೇ ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜಿ, ಮತ್ತೆ ನೆನೆಹಾಕಿ. ಮರುದಿನಕ್ಕೆ ಅವೂ ಉಬ್ಬಿರುತ್ತವೆ. ಗಾಯ ಸಿಪ್ಪೆಗೆ ಮಾತ್ರ ಆಗಬೇಕು. ಒಳಗಿನ ಅಂಕುರಕ್ಕೆ ತಾಗಬಾರದು. ಗಂಧಕಾಮ್ಲ ಮನೆಯವರ ಕೆಲಸವಲ್ಲ, ಅದರ ಗೊಡವೆ ಬೇಡ.

ಬೆರಳುಗೆಣ್ಣಿನ ಅರ್ಧದಷ್ಟು ಆಳಕ್ಕೆ ಬಿತ್ತಿದರೆ ಸಾಕು. ಮಣ್ಣು ಮರಳು ಸೇರಿ ನೀರು ಬಸಿದುಹೋಗುವಂತಿರಲಿ. ಹಳೆಯ ಬನ್ನಿಮರದ ಬುಡದಿಂದ ಒಂದು ಬೊಗಸೆ ಮಣ್ಣು ತಂದು ಬೆರೆಸಿದರೆ ಬೇರಿನ ಗಂಟುಗಳಿಗೆ ಬೇಕಾದ ಜೀವಾಣುಗಳು ದೊರೆಯುತ್ತವೆ. ಚೀಲ ಮಾತ್ರ ಒಂದಡಿಯಷ್ಟಾದರೂ ಆಳವಿರಬೇಕು. ಗಿಡ್ಡ ಚೀಲದಲ್ಲಿ ತಾಯಿಬೇರು ತಳಕ್ಕೆ ತಾಗಿ ಸುತ್ತಿಕೊಂಡರೆ ಆ ಗಿಡ ಜೀವಮಾನವಿಡೀ ಬರಕ್ಕೆ ಹೆದರುತ್ತದೆ. ಬಿಸಿಲು ಬೇಕು, ನೀರು ಮಿತವಾಗಿರಬೇಕು, ಮೇಕೆಯಿಂದ ಕೆಲವು ವರ್ಷ ರಕ್ಷಣೆ ಅಗತ್ಯ. ಮುಳ್ಳಿಲ್ಲದ, ಬೇಗ ಕಾಯಿಬಿಡುವ ‘ಥಾರ್ ಶೋಭಾ’ ಎಂಬ ತಳಿಯನ್ನು ಬಿಕಾನೇರದ ಕೇಂದ್ರೀಯ ಶುಷ್ಕ ತೋಟಗಾರಿಕೆ ಸಂಸ್ಥೆಯವರು ಕಣ್ಣುಕಸಿಯಿಂದ ಬೆಳೆಸುತ್ತಿದ್ದಾರೆ. ಆದರೆ ಅದಕ್ಕೂ ಬೇರುಗಿಡವಾಗಿ ಬೇಕಾಗುವುದು ಬೀಜದಿಂದ ಮೊಳೆತ ಕಾಡುಬನ್ನಿಯ ಸಸಿಯೇ.

ಮಹಾನಗರದ ಫ್ಲಾಟುಗಳಲ್ಲಿರುವ ನಾವು ಇಪ್ಪತ್ತು ಮೀಟರು ಬೇರಿಳಿಸುವ ಮರವನ್ನು ಎಲ್ಲಿ ನೆಡುವುದು ಎಂಬ ಆಕ್ಷೇಪಣೆ ನ್ಯಾಯವಾದುದೇ. ಬಾಲ್ಕನಿಯ ಕುಂಡ ಸಸಿಮಡಿಯಾಗಬಹುದೇ ಹೊರತು ಮನೆಯಾಗಲಾರದು. ಆದರೆ ಇಲ್ಲಿರುವ ಅನೇಕರ ಹೆಸರಿನಲ್ಲಿ ಊರಿನಲ್ಲಿ ಇನ್ನೂ ನಾಲ್ಕೆಕರೆ ಇದೆ. ದಾಯಾದಿಗಳಿಗೆ ಪಾಲಿಗೆ ಬಿಟ್ಟ ಹೊಲ. ಅದರ ಬದುವಿನಲ್ಲಿ ಎರಡು ಬನ್ನಿಗೆ ಜಾಗವಿಲ್ಲವೇ? ನಾವು ನೆಲೆಸಿದ ಊರುಗಳಲ್ಲಿಯೂ ಕನ್ನಡ ಶಾಲೆಯ ಆವರಣ, ಮಠದ ಹಿತ್ತಲು, ಸಂಘದ ನಿವೇಶನ ಎಂದು ಒಂದಿಷ್ಟು ನೆಲವಿದೆ. ನನ್ನ ಸಲಹೆ ಇಷ್ಟೇ: ಬರುವ ಬೇಸಿಗೆಯಲ್ಲಿ ಸಂಘದ ಕಿರಿಯರು ಬೀಜ ತರಲಿ, ಆಷಾಢದಲ್ಲಿ ಬಿತ್ತಲಿ. ಮುಂದಿನ ವಿಜಯದಶಮಿಗೆ ಆ ಸಸಿಗಳು ಗೇಣುದ್ದವೂ ಇರಲಾರವು. ಆದರೂ ಮುರಿದ ಟೊಂಗೆಯ ಬದಲು ಅವನ್ನೇ ಹಿರಿಯರ ಕೈಗೆ ಕೊಟ್ಟು ನಮಸ್ಕರಿಸೋಣ. ಅದರ ಮರುವರ್ಷದ ಮಳೆಗಾಲದಲ್ಲಿ ಊರಿಗೆ ಹೋಗುವವರು ಒಯ್ದು ನೆಡಲಿ.

ಕೊನೆಯದಾಗಿ ಒಂದು ಮಾತು. ಹೊರನಾಡಿನ ಸಂಘಗಳ ಸಭೆಗಳಲ್ಲಿ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂಬ ಕೊರಗು ಪ್ರತಿವರ್ಷ ಕೇಳಿಬರುತ್ತದೆ. ಬೀಜಕ್ಕೂ ಭಾಷೆಗೂ ಹೋಲಿಕೆ ಕಟ್ಟುವುದರಲ್ಲಿ ಅಪಾಯವಿದೆ, ಆದುದರಿಂದ ಅದನ್ನು ದೂರ ಎಳೆಯುವುದಿಲ್ಲ. ಆದರೂ ಬನ್ನಿಯ ಬೀಜವನ್ನು ಕಂಡಾಗಲೆಲ್ಲ ನನಗೆ ನಮ್ಮ ಸಂಘಗಳ ನೆನಪಾಗುತ್ತದೆ. ಪರಸ್ಥಳದ ಬಿಸಿಲಿನಲ್ಲಿ ಒಳಗಿನ ಜೀವ ಆರಿಹೋಗದಂತೆ ಕಾಪಾಡಲು ನಮ್ಮ ಹಿರಿಯರು ಒಂದು ಗಟ್ಟಿ ಕವಚವನ್ನು ಕಟ್ಟಿಕೊಂಡರು. ಹಬ್ಬ, ನಾಟಕ, ಗ್ರಂಥಾಲಯ, ಈ ತ್ರೈಮಾಸಿಕ ಎಲ್ಲವೂ ಅದರ ಪದರಗಳೇ. ಅದು ಅಗತ್ಯವಾಗಿತ್ತು. ಆದರೆ ಕಿರಿಯರ ಪ್ರಶ್ನೆಗಳು, ನೆರೆಯ ಭಾಷೆಗಳ ತೇವ, ಹೊಸ ಕಾಲದ ಕಾವು ಯಾವುದೂ ಒಳಹೋಗದಂತೆ ಕವಚವನ್ನು ಬಿಗಿದುಕೊಂಡರೆ ಬೀಜ ಸುರಕ್ಷಿತವಾಗಿಯೇ ಇರುತ್ತದೆ, ಆದರೆ ಮೊಳೆಯುವುದಿಲ್ಲ. ಎಲ್ಲಿ, ಎಷ್ಟು ಚಿವುಟಬೇಕೆಂಬುದನ್ನು ಬಲ್ಲ ಕೈಗಳು ನಮ್ಮಲ್ಲಿ ಬೇಕು.

ಬೀಜದ ಒಂದು ಪುಟ್ಟ ಪೊಟ್ಟಣವನ್ನು ಜೋಧಪುರದಿಂದ ತರಿಸಿ ಕಾರ್ಯದರ್ಶಿಗಳ ವಶಕ್ಕೆ ಕೊಟ್ಟಿದ್ದೇನೆ. ಬೇಕಾದವರು ಹೋಗುವಾಗ ಹತ್ತು ಬೀಜಗಳನ್ನು ಪಡೆದುಕೊಳ್ಳಬಹುದು. ಚಳಿಗಾಲದಲ್ಲಿ ಬಿತ್ತುವ ಆತುರ ಬೇಡ. ಗಾಜಿನ ಸೀಸೆಯಲ್ಲಿ ಒಣಗಿದ ಜಾಗದಲ್ಲಿಟ್ಟು ಆಷಾಢದವರೆಗೆ ಕಾಯಿರಿ.